ಮನೆ ಅಡಿಯಿಂದ ತೇವ ಬರ್ತಿದ್ರೆ ಮೊದ್ಲು ಹೊರಗಿನ ಚರಂಡಿ ನೋಡ್ರಿ

ಸ್ಕರ್ಟಿಂಗ್ ಮೇಲೆ ಒಂದು ಮೊಳ ಎತ್ತರಕ್ಕೆ ಪೇಂಟ್ ಉಬ್ಬಿ ಉದುರೋದು, ಗೋಡೆ ಬಿಳಿ ಉಪ್ಪು ಬಿಡೋದು, ಟೈಲ್ಸ್ ಸಂದಿಯಿಂದ ನೀರು ಜಿನುಗೋದು, ಮಂಚದ ಕೆಳಗಿನ ಟ್ರಂಕು ತುಕ್ಕು ಹಿಡಿಯೋದು, ಚೌಕಟ್ಟಿನ ಬುಡಕ್ಕೆ ಗೆದ್ದಲು ಹತ್ತೋದು, ಇವೆಲ್ಲ ನೋಡೋಕೆ ಬೇರೆ ಬೇರೆ ತೊಂದರೆ ಅನ್ಸುತ್ತೆ, ಆದ್ರೆ ನಮ್ಮ ದಾವಣಗೆರೆ ಕಡೆ ಬಹಳಷ್ಟು ಮನೇಲಿ ಮೂಲ ಒಂದೇ: ಮನೆ ಸುತ್ತ ಬಿದ್ದ ಮಳೆ ನೀರು ಹೊರಗೆ ಹೋಗದೆ ಪಾಯದ ಕಡೆ ತಿರುಗ್ತಾ ಐತೆ. ಜನ ಏನ್ಮಾಡ್ತಾರೆ ಅಂದ್ರೆ ಮೊದ್ಲು ಪೇಂಟರ್ ಕರೀತಾರೆ, ಅವ್ನು ಹಳೇ ಪ್ಲಾಸ್ಟರ್ ಕೆತ್ತಿ ಯಾವುದೋ ವಾಟರ್ ಪ್ರೂಫ್ ಬಳಿದು ಹೋಗ್ತಾನೆ, ಮುಂದಿನ ಮಳೆಗಾಲಕ್ಕೆ ತೇವ ಅದೇ ಗೋಡೇಲಿ ಇನ್ನೊಂದು ಅಡಿ ಮೇಲೆ ಹತ್ತಿರುತ್ತೆ. ಯಾಕಂದ್ರೆ ಒಳಗಿನ ಮುಖ ಮುಚ್ಚಿದ್ರೆ ಗೋಡೆಯೊಳಗಿನ ನೀರು ಆರೋಕೆ ದಾರಿ ಇಲ್ಲ, ಅದು ಮೇಲಕ್ಕೇ ಹತ್ತುತ್ತೆ. ಆದ್ದರಿಂದ ಒಳಗೆ ಒಂದು ರೂಪಾಯಿ ಖರ್ಚು ಮಾಡೋ ಮುಂಚೆ ಹೊರಗೆ ಏನಾಗ್ತಿದೆ ಅಂತ ಹುಡುಕೋದು ಹೆಂಗೆ ಅನ್ನೋದನ್ನ ಇಲ್ಲಿ ಬರೀತಾ ಇದೀನಿ.

ನಿಮ್ಮ ಮನೆ ನೆಲದ ಕೆಳಗೆ ಏನೈತೆ ಅಂತ ಮೊದ್ಲು ತಿಳ್ಕೊಳ್ರಿ. ಅಮೆರಿಕದ ಕಡೆ ಮನೆಗಳಿಗೆ ನೆಲದ ಕೆಳಗೆ ತೆವಳಿಕೊಂಡು ಹೋಗೋವಷ್ಟು ಖಾಲಿ ಜಾಗ ಬಿಟ್ಟಿರ್ತಾರೆ, ಕ್ರಾಲ್ ಸ್ಪೇಸ್ ಅಂತಾರೆ, ಅದರೊಳಗೆ ನೀರು ಸೇರದಂಗೆ ಮನೆ ಸುತ್ತ ಚರಂಡಿ ಮಾಡೋದು ಅಲ್ಲಿ ದೊಡ್ಡ ವಿಷಯ. ನಮ್ಮಲ್ಲಿ ಹೆಚ್ಚಿನ ಮನೆಗೆ ಪ್ಲಿಂತ್ ಒಳಗೆ, ಅಂದ್ರೆ ಪಾಯದ ಮೇಲೆ ಮನೆ ನೆಲದ ಮಟ್ಟದ ತನಕ ಎಬ್ಬಿಸಿದ ಕಟ್ಟಿನೊಳಗೆ, ಗರಸು ತುಂಬಿ ಗಟ್ಟಿಸಿ ಮೇಲೆ ಬೆಡ್ ಕಾಂಕ್ರೀಟ್ ಹಾಕಿರ್ತಾರೆ. ಎರೆ ಭೂಮಿ ಉಬ್ಬುತ್ತೆ ಅಂತ ಪಿಲ್ಲರ್ ಎಬ್ಬಿಸಿ, ಪ್ಲಿಂತ್ ಬೀಮ್ ಮೇಲೆ ಸ್ಲ್ಯಾಬ್ ಹಾಕ್ಸಿ, ಕೆಳಗೆ ಒಂದೆರಡು ಅಡಿ ಖಾಲಿ ಬಿಟ್ಟ ಮನೆಗಳೂ ಇದಾವೆ, ಇನ್ನು ಇಳಿಜಾರು ಸೈಟಲ್ಲಿ ಕೆಳಗೊಂದು ಸೆಲ್ಲಾರ್ ಮಾಡಿ ಗೋಡೌನ್ ಥರ ಬಳಸೋರೂ ಇದಾರೆ. ಮೂರಕ್ಕೂ ತತ್ವ ಒಂದೇ, ಆದ್ರೆ ಖಾಲಿ ಬಿಟ್ಟ ಮನೇಲಿ ನೀರು ನಿಂತಿದ್ದು ಯಾರ ಕಣ್ಣಿಗೂ ಬೀಳಲ್ಲ, ಒಳಗೆ ಕಮಟು ವಾಸನೆ ಬಂದ್ಮೇಲೇ ಗೊತ್ತಾಗೋದು, ಅಂಥವ್ರು ಮಳೆಗಾಲದಲ್ಲಿ ಒಂದ್ಸಲನಾದ್ರೂ ಪಕ್ಕದ ಕಿಂಡೀಲಿ ಟಾರ್ಚ್ ಬಿಟ್ಟು ನೋಡ್ಲೇಬೇಕು. ಹಳೇ ಕಾಲದಲ್ಲಿ ಜೋಳ ತುಂಬೋ ಹಗೇವು ತೋಡೋವಾಗ ನಮ್ಮ ಹಿರಿಯರು ನೀರು ನಿಲ್ಲದ ದಿಬ್ಬದ ಜಾಗನೇ ಹುಡುಕ್ತಿದ್ರು, ಇವತ್ತು ಲೇಔಟಲ್ಲಿ ಸಿಕ್ಕ ಸೈಟೇ ನಮ್ಮ ಪಾಲಿಗೆ, ಹಂಗಾಗಿ ನೀರಿನ ದಾರಿ ನಾವೇ ಮಾಡ್ಬೇಕು.

ಎರೆ ಮಣ್ಣಿನ ಗುಣ ಗೊತ್ತಿದ್ರೆ ಅರ್ಧ ಕೆಲಸ ಮುಗೀತು. ಬೇಸಿಗೇಲಿ ಅದು ಒಣಗಿ ಕೈ ಹೋಗೋವಷ್ಟು ಬಿರುಕು ಬಿಡುತ್ತೆ, ಮೊದಲ ಮಳೆ ನೀರು ಆ ಬಿರುಕಲ್ಲಿ ನೇರ ಪಾಯದ ತನಕ ಇಳಿಯುತ್ತೆ, ಆಮೇಲೆ ಮಣ್ಣು ನೀರು ಕುಡಿದು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತೆ, ಆವಾಗಿಂದ ಮೇಲಿನ ನೀರು ಇಂಗೋದೇ ಇಲ್ಲ, ಒಳಗೆ ಇಳಿದ ನೀರು ಹೊರಗೆ ಬರೋದೂ ಇಲ್ಲ. ಅಂದ್ರೆ ನಮ್ಮೂರಲ್ಲಿ ನೀರನ್ನ ಮಣ್ಣಿಗೆ ಬಿಟ್ಟು ಇಂಗ್ಲಿ ಅನ್ನೋ ಹಂಗಿಲ್ಲ, ಮಣ್ಣು ಮುಟ್ಟೋ ಮುಂಚೇನೇ ಮೇಲ್ಮೈಲೇ ಹಿಡಿದು ಸಾಗಿಸ್ಬೇಕು. ಜೊತೆಗೆ ಮನೆಯ ಒಂದು ಮೂಲೆ ಮಾತ್ರ ನೆನೆದು ಇನ್ನೊಂದು ಮೂಲೆ ಒಣಗಿದ್ರೆ ಮಣ್ಣು ಒಂದು ಕಡೆ ಉಬ್ಬಿ ಒಂದು ಕಡೆ ಕುಗ್ಗಿ ಗೋಡೆ ಬಿರುಕು ಬಿಡುತ್ತೆ, ಕಿಟಕಿ ಮೂಲೆಯಿಂದ ಓರೆಯಾಗಿ ಹೋಗೋ ಬಿರುಕು ಕಂಡ್ರೆ ಅದಕ್ಕೂ ಈ ನೀರೇ ಕಾರಣ ಇರಬಹುದು.

ತೇವ ಯಾವಾಗ ಬರುತ್ತೆ ಅನ್ನೋದೇ ದೊಡ್ಡ ಸುಳಿವು

ಒಂದು ನೋಟ್‌ಬುಕ್ ಇಟ್ಕೊಂಡು ಬರೀರಿ, ನೆನಪಿನ ಮೇಲೆ ಹೋಗ್ಬೇಡ್ರಿ. ಮಳೆ ಬಂದ ಕೆಲವೇ ಗಂಟೇಲಿ ತೇವ ಕಂಡ್ರೆ ಅದು ಮೇಲ್ಮೈ ನೀರು, ಗೋಡೆ ಪಕ್ಕದಲ್ಲೇ ಎಲ್ಲೋ ಇಳೀತಾ ಐತೆ. ಮಳೆ ನಿಂತು ಎರಡು ಮೂರು ದಿನ ಆದ್ಮೇಲೆ ನಿಧಾನಕ್ಕೆ ಬಂದು ವಾರಗಟ್ಟಲೆ ಇದ್ರೆ ಮಣ್ಣೊಳಗೆ ಹರಿದು ಬರ್ತಿರೋ ನೀರು. ಮಳೆ ಇಲ್ಲದಿದ್ರೂ ಬೇಸಿಗೇಲೂ ಒಂದೇ ಸಮ ಇದ್ರೆ ಪೈಪ್ ಲೀಕೋ ಸಂಪು ಲೀಕೋ ಇರ್ಬೇಕು. ಇನ್ನೊಂದು ನಮ್ಮೂರಿಗೇ ವಿಶೇಷವಾದದ್ದು, ಭದ್ರಾ ನಾಲೆ ಪಕ್ಕದ ಗದ್ದೆ ಬಯಲಲ್ಲಿ ಎದ್ದಿರೋ ಲೇಔಟ್‌ಗಳು. ಬೇಸಿಗೆ ಬೆಳೆಗೆ ಚಾನಲ್ ನೀರು ಬಿಟ್ಟಾಗ ಸುತ್ತ ಗದ್ದೇಲಿ ನೀರು ನಿಂತು ನೆಲದ ನೀರಿನ ಮಟ್ಟ ಮೇಲೆ ಬರುತ್ತೆ, ಸುಡು ಬಿಸಿಲಲ್ಲಿ ಮಳೆ ಹನಿ ಇಲ್ಲದೆ ಮನೆ ನೆಲ ಒದ್ದೆ ಆಗುತ್ತೆ, ಜನ ಪೈಪ್ ಒಡೆದಿದೆ ಅಂತ ಟೈಲ್ಸ್ ಎಲ್ಲಾ ಕಿತ್ತು ಹುಡುಕ್ತಾರೆ. ಮೊದ್ಲು ಚಾನಲ್ ಬಿಟ್ಟ ದಿನ ಯಾವುದು, ನಿಲ್ಲಿಸಿದ ದಿನ ಯಾವುದು ಅಂತ ತೇವದ ದಿನದ ಜೊತೆ ತಾಳೆ ಹಾಕ್ರಿ. ತಾಳೆ ಆದ್ರೆ ಮೇಲಿನ ಚರಂಡಿ ಎಷ್ಟೇ ಚೆನ್ನಾಗಿ ಮಾಡಿದ್ರೂ ಪೂರ್ತಿ ಪರಿಹಾರ ಸಿಗಲ್ಲ, ಆ ವಿಷಯ ಕೊನೇಲಿ ಹೇಳ್ತೀನಿ.

ಸಂಪು ಪರೀಕ್ಷೆ ಸುಲಭ. ರಾತ್ರಿ ಮಲಗೋ ಮುಂಚೆ ನಲ್ಲಿ, ಮೋಟರ್, ಸಂಪಿಗೆ ಬರೋ ಲೈನ್ ಎಲ್ಲಾ ಬಂದ್ ಮಾಡಿ ನೀರಿನ ಮಟ್ಟಕ್ಕೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೀರಿ, ಬೆಳಿಗ್ಗೆ ಇಳಿದಿದ್ರೆ ಲೀಕ್ ಐತೆ. ಮಟ್ಟ ಇಳಿಯೋ ಬದ್ಲು ಏರಿದ್ರೆ ಹೊರಗಿನ ನೆಲದ ನೀರು ಸಂಪಿಗೆ ಬರ್ತಾ ಐತೆ ಅಂತ ಅರ್ಥ, ಅದು ಕುಡಿಯೋ ನೀರಿನ ಪ್ರಶ್ನೆ, ಮುಂದಕ್ಕೆ ಹಾಕ್ಬೇಡ್ರಿ. ತೇವ ಬರೀ ಬಚ್ಚಲು ಗೋಡೆ ಹಿಂದೆ ಮಾತ್ರ ಇದ್ರೆ ಚರಂಡಿ ಬಿಟ್ಟು ಬಚ್ಚಲ ಟ್ರ್ಯಾಪ್ ನೋಡಿಸ್ರಿ.

ಇನ್ನೊಂದು ಪರೀಕ್ಷೆ, ನೆಲದ ಮೇಲೆ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದೆರಡು ದಿನ ಬಿಡ್ರಿ. ಹಾಳೆ ಕೆಳಗಡೆ ಹನಿ ಕಟ್ಟಿದ್ರೆ ತೇವ ನೆಲದಿಂದ ಮೇಲೆ ಬರ್ತಿದೆ, ಹಾಳೆ ಮೇಲ್ಗಡೆ ಒದ್ದೆ ಆಗಿ ಕೆಳಗೆ ಒಣಗಿದ್ರೆ ಅದು ಗಾಳಿಯಲ್ಲಿನ ತೇವ, ತಣ್ಣನೆ ನೆಲಕ್ಕೆ ತಾಗಿ ನೀರಾಗ್ತಿದೆ ಅಷ್ಟೆ, ಕಿಟಕಿ ತೆಗೆದು ಗಾಳಿ ಆಡ್ಸಿದ್ರೆ ಹೋಗುತ್ತೆ.

ಮಳೆ ಬರ್ತಿರೋವಾಗ ಹೊರಗೆ ನಿಂತು ನೋಡ್ರಿ

ಇದಕ್ಕೆ ಬದಲಿ ಇಲ್ಲ. ಬಿಸಿಲಲ್ಲಿ ನೋಡಿದ್ರೆ ಎಲ್ಲಾ ಅಂಗಳನೂ ಸಮ, ಎಲ್ಲಾ ಚರಂಡಿನೂ ಸರಿ ಕಾಣುತ್ತೆ. ಜೋರು ಮಳೆ ಹಿಡಿದಾಗ ಕೊಡೆ ಹಿಡ್ಕೊಂಡು ಮನೆ ಸುತ್ತ ಒಂದು ಸುತ್ತು ಹೋಗ್ರಿ, ಫೋನಲ್ಲಿ ವಿಡಿಯೋ ಮಾಡ್ಕೊಳ್ರಿ, ಆಮೇಲೆ ಮೇಸ್ತ್ರಿಗೆ ತೋರ್ಸೋಕೆ ಅದೇ ಸಾಕ್ಷಿ. ಜೂನ್ ಕೊನೆಯ ಆರಿದ್ರಾ ಮಳೆ ಜಿಟಿಜಿಟಿಯಲ್ಲಿ ಏನೂ ಕಾಣ್ಸಲ್ಲ, ನಮ್ಮ ಕಡೆ ಉತ್ರೆ ಹಸ್ತ ಚಿತ್ತೆ ಮಳೆ, ಅಂದ್ರೆ ಸೆಪ್ಟೆಂಬರ್ ಅಕ್ಟೋಬರ್ ಮಳೆ ಗುಡುಗು ಸಮೇತ ಒಂದೇ ಸಲಕ್ಕೆ ಸುರಿಯುತ್ತಲ್ಲ, ಆವಾಗ ನೋಡ್ಬೇಕು. 2022ರ ಸೆಪ್ಟೆಂಬರಲ್ಲಿ ಹಿರಿಯೂರು ಹತ್ರದ ವಾಣಿವಿಲಾಸ ಸಾಗರ ಡ್ಯಾಂ 1933 ಆದ್ಮೇಲೆ ಮೊದಲ ಸಲ ಕೋಡಿ ಬಿತ್ತು, ನಮ್ಮದು ಬರಗಾಲದ ಸೀಮೆ, ಚರಂಡಿ ಯಾಕೆ ಬೇಕು ಅನ್ನೋರಿಗೆ ಆ ವರ್ಷ ಒಂದೇ ಸಾಕು.

ನೀರಿನ ಲೆಕ್ಕ ಗೊತ್ತಿರ್ಲಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ರೆ 1 ಲೀಟರ್ ನೀರು. 30/40 ಸೈಟು ಅಂದ್ರೆ ಹತ್ತಿರ ಹತ್ತಿರ 111 ಚದರ ಮೀಟರ್, 50 ಮಿಲಿಮೀಟರ್ ಮಳೆಗೆ 5,500 ಲೀಟರ್ ಮೇಲೆ ನೀರು ಬೀಳುತ್ತೆ, ಒಂದು ಟ್ರ್ಯಾಕ್ಟರ್ ಟ್ಯಾಂಕರ್ ತಂದು ನಿಮ್ಮ ಪಾಯದ ಪಕ್ಕ ಖಾಲಿ ಮಾಡ್ದಂಗೆ. ಅದರಲ್ಲಿ ಬಹುಪಾಲು ತಾರಸಿ ಮೇಲೆ ಬೀಳೋದು. ಈಗ ನಿಮ್ಮ ತಾರಸಿ ಪೈಪ್ ಎಲ್ಲಿ ಬಿಡ್ತಾ ಐತೆ ನೋಡ್ರಿ. ನಾನು ನೋಡಿದ ಮನೆಗಳಲ್ಲಿ ಸಾಮಾನ್ಯ ತಪ್ಪು ಇದೇ, ಪೈಪ್ ನೆಲದಿಂದ ಒಂದು ಅಡಿ ಮೇಲೆ ನಿಂತಿರುತ್ತೆ, ನೀರು ಗೋಡೆ ಬುಡಕ್ಕೇ ರಪ್ಪಂತ ಬಡಿಯುತ್ತೆ, ಅಲ್ಲಿ ಒಂದು ಗುಂಡಿ ಬಿದ್ದಿರುತ್ತೆ, ತೇವದ ಗೋಡೆ ಸರಿಯಾಗಿ ಅದರ ಒಳಮಗ್ಗುಲಲ್ಲೇ ಇರುತ್ತೆ. ಇಲ್ಲಿ ಒಂದು ಬೆಂಡ್ ಹಾಕಿ ನಾಲ್ಕಿಂಚಿನ ಪಿವಿಸಿ ಪೈಪಲ್ಲಿ ಚರಂಡಿ ತನಕ ಒಯ್ದು ಬಿಟ್ರೆ ಎಷ್ಟೋ ಮನೆ ತೇವ ಅಲ್ಲಿಗೇ ನಿಲ್ಲುತ್ತೆ, ಬೇರೇನೂ ಬೇಕಾಗಲ್ಲ. ಸರಿಯಾದ ಇಳುಕಲು ಇದ್ರೆ 30/40 ಸೈಟಿನ ತಾರಸಿ ನೀರಿಗೆ ನಾಲ್ಕಿಂಚು ಧಾರಾಳ ಸಾಕು.

ಆಮೇಲೆ ನೆಲದ ಇಳುಕಲು. ಗೋಡೆಯಿಂದ ಆಚೆಗೆ ಮಣ್ಣಿನ ನೆಲ ಆದ್ರೆ ಹತ್ತು ಅಡಿಗೆ ಆರು ಇಂಚು ಇಳೀಬೇಕು, ಸಿಮೆಂಟು ಇಲ್ಲಾ ಪೇವರ್ಸ್ ಆದ್ರೆ ನಾಲ್ಕು ಅಡಿಗೆ ಒಂದು ಇಂಚು ಇದ್ರೂ ನಡೆಯುತ್ತೆ. ನಮ್ಮ ಸೈಟಲ್ಲಿ ಹತ್ತು ಅಡಿ ಎಲ್ಲಿರುತ್ತೆ, ಕಾಂಪೌಂಡ್ ಮೂರು ಅಡಿಗೇ ಬಂದಿರುತ್ತೆ, ಅದಕ್ಕೇ ಗೋಡೆ ಸುತ್ತ ಎರಡೂವರೆ ಮೂರು ಅಡಿ ಅಗಲ ಪ್ಲಿಂತ್ ಪ್ರೊಟೆಕ್ಷನ್ ಕಾಂಕ್ರೀಟ್ ಹಾಕಿ ಅದರ ಹೊರ ಅಂಚಿಗೆ ತೆರೆದ ಚರಂಡಿ ಕೊಡೋದು ಸರಿಯಾದ ಕ್ರಮ. ಅಳೆಯೋಕೆ ಗಾರೆ ಕೆಲಸದೋರ ಹತ್ರ ಇರೋ ಲೆವೆಲ್ ಪೈಪ್ ಸಾಕು, ಪಾರದರ್ಶಕ ಪೈಪಲ್ಲಿ ನೀರು ತುಂಬಿ ಎರಡೂ ತುದಿ ಹಿಡಿದು ನೋಡೋದು, ಕಣ್ಣಂದಾಜು ಬೇಡ, ಪಕ್ಕದ ಕಾಂಪೌಂಡ್ ಸಾಲು ಓರೆ ಇದ್ರೆ ಕಣ್ಣು ಖಂಡಿತ ಮೋಸ ಹೋಗುತ್ತೆ.

ಗೋಡೆಗೂ ಆ ಕಾಂಕ್ರೀಟಿಗೂ ಮಧ್ಯೆ ಸಂದಿ ಬಿಟ್ಟಿದೆಯಾ ನೋಡ್ರಿ. ಎರೆ ಮಣ್ಣು ಬೇಸಿಗೇಲಿ ಕುಗ್ಗಿದಾಗ ಕಾಂಕ್ರೀಟು ಗೋಡೆ ಬಿಟ್ಟು ಜಾರಿ ಬೆರಳಗಲ ಬಾಯಿ ತೆರೆಯುತ್ತೆ, ಗೋಡೆ ಮೇಲೆ ಇಳಿದ ನೀರೆಲ್ಲ ಆ ಬಾಯಲ್ಲೇ ಪಾಯಕ್ಕೆ ಹೋಗುತ್ತೆ. ಅಲ್ಲಿ ಬರೀ ಸಿಮೆಂಟ್ ಮೆತ್ತಿದ್ರೆ ಮತ್ತೆ ಬಿಡುತ್ತೆ, ರಬ್ಬರಿನಂಗೆ ಎಳೆಯೋ ಸೀಲಂಟ್ ಸಿಗುತ್ತೆ ಅದನ್ನೇ ತುಂಬ್ರಿ. ಇನ್ನು ಗೋಡೆಗೆ ಅಂಟ್ಕೊಂಡಂಗೆ ಹೂವಿನ ಪಾತಿ, ತುಳಸಿ ಕಟ್ಟೆ, ಬಾಳೆ ಗಿಡ ಇದ್ರೆ ಅದೂ ಲೆಕ್ಕಕ್ಕೆ ಬರುತ್ತೆ. ದಿನಾ ನೀರು ಹಾಕೋ ಪಾತಿ ಗೋಡೆಗೆ ತಾಗಿದ್ರೆ ಅದು ವರ್ಷಪೂರ್ತಿ ಮಳೆಗಾಲನೇ. ಪಾಯದ ತೇವ ಗೋಡೆಗೆ ಹತ್ತದಂಗೆ ಗೋಡೆ ಬುಡದಲ್ಲಿ ಹಾಕೋ ಡಿಪಿಸಿ ಪಟ್ಟಿಗಿಂತ ಮೇಲೆ ಮಣ್ಣು ಏರಿಸಿ ಏರಿಸಿ ಹೋಗಿದ್ರೆ ಪಟ್ಟಿ ಇದ್ದೂ ಇಲ್ಲದಂಗೆ, ಹೊರಗಿನ ನೆಲ ಅದಕ್ಕಿಂತ ಕನಿಷ್ಠ ಆರು ಇಂಚು ಕೆಳಗಿರಬೇಕು.

ಚರಂಡಿ ಐತೆ ಆದ್ರೂ ನೀರು ಹೋಗ್ತಿಲ್ಲ ಅಂದ್ರೆ

ಮೊದ್ಲು ಜಾಲರಿ ನೋಡ್ರಿ. ಜಾಲರಿ ಸುತ್ತಲಿನ ನೆಲಕ್ಕಿಂತ ಅರ್ಧ ಇಂಚು ಎತ್ತರ ಇದ್ರೂ ಸಾಕು, ನೀರು ಅದರ ಸುತ್ತ ನಿಂತ್ಕೊಳ್ಳುತ್ತೆ ಒಳಗೆ ಇಳಿಯಲ್ಲ. ಪೇವರ್ಸ್ ಹಾಕೋರು ಬೇರೆ, ಜಾಲರಿ ಕೆಳಗಿನ ಗುಂಡಿ, ಅಂದ್ರೆ ಚೇಂಬರ್ ಕಟ್ಟೋರು ಬೇರೆ ಆದಾಗ ಇದು ಆಗೋದು ಜಾಸ್ತಿ. ಇನ್ನೊಂದು, ಪೇವರ್ಸ್ ಕೆಳಗೆ ಮಣ್ಣು ಕುಸಿದು ಚೇಂಬರ್ ಮಾತ್ರ ಮೇಲೆ ಉಳಿದಿರುತ್ತೆ. ಸುತ್ತ ಎರಡು ಅಡಿ ಪೇವರ್ಸ್ ಎಬ್ಬಿಸಿ ಜಾಲರಿ ಕಡೆ ಇಳುಕಲು ಕೊಟ್ಟು ಮತ್ತೆ ಕೂರ್ಸೋದು ಒಂದು ದಿನದ ಕೆಲಸ.

ಜಾಲರಿ ಎತ್ತಿ ಒಳಗೆ ನೋಡ್ರಿ. ಚೇಂಬರ್ ತಳ ಪೈಪಿನ ಬಾಯಿಗಿಂತ ಆರು ಇಂಚಾದ್ರೂ ಆಳ ಇರ್ಬೇಕು, ಮಣ್ಣು ಹೂಳು ಅಲ್ಲಿ ಕೂರ್ಲಿ ಪೈಪಿಗೆ ಹೋಗ್ಬಾರ್ದು ಅಂತ. ತಳ ಪೈಪಿನ ಮಟ್ಟಕ್ಕೇ ಇದ್ರೆ ಎರಡೇ ಮಳೆಗೆ ಎರೆ ಮಣ್ಣಿನ ರಾಡಿ ಪೈಪಲ್ಲಿ ಗಟ್ಟಿಯಾಗಿ ಕೂರುತ್ತೆ, ಆಮೇಲೆ ರಾಡ್ ಹಾಕಿದ್ರೂ ಬರಲ್ಲ. ಆದ್ರೆ ಆಳ ಇದ್ದಲ್ಲಿ ನೀರು ನಿಲ್ಲುತ್ತೆ, ನಿಂತ ನೀರಲ್ಲಿ ಸೊಳ್ಳೆ ಮೊಟ್ಟೆ ಇಡುತ್ತೆ, ಡೆಂಗ್ಯೂ ಹರಡೋ ಸೊಳ್ಳೆಗೆ ಇಂಥ ಸ್ವಲ್ಪ ನೀರೇ ಸಾಕು. ಕೆಲವರು ತಳಕ್ಕೆ ತೂತು ಹಾಕಿ ಇಂಗ್ಲಿ ಅಂತಾರೆ, ಮನೆ ಪಕ್ಕದ ಚೇಂಬರಿಗೆ ಇದನ್ನ ಮಾಡ್ಲೇಬೇಡ್ರಿ, ನೀರನ್ನ ಪಾಯಕ್ಕೆ ಕೈಯಾರೆ ಕೊಟ್ಟಂಗೆ ಆಗುತ್ತೆ. ಮಳೆ ಬಿಟ್ಟ ಮೇಲೆ ಮಗ್ಗಲ್ಲಿ ಮೊಗೆದು ಚೆಲ್ಲಿ ಹೂಳು ತೆಗೀರಿ, ಜಾಲರಿ ಕೆಳಗೆ ಸೊಳ್ಳೆ ಪರದೆ ಮೆಶ್ ಸಿಗ್ಸಿ, ಮುಂದಿನ ಮಳೆಗೆ ಮುಂಚೆ ಎಲೆ ಕಸ ತೆಗೀರಿ. ಮನೇಲಿ ಸಣ್ಣ ಮಕ್ಕಳಿದ್ರೆ ಇದನ್ನ ದಯವಿಟ್ಟು ಅಸಡ್ಡೆ ಮಾಡ್ಬೇಡ್ರಿ.

ಪೈಪ್ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ಚೇಂಬರಿಗೆ ಎರಡು ಬಕೆಟ್ ನೀರು ಒಟ್ಟಿಗೇ ಸುರೀರಿ, ಅದರಲ್ಲಿ ಬಟ್ಟೆಗೆ ಹಾಕೋ ನೀಲಿ ಕಲೆಸಿರಿ, ಇನ್ನೊಬ್ಬರು ಹೊರಗಿನ ಬಾಯಿ ಹತ್ರ ನಿಂತಿರಲಿ. ನೀಲಿ ನೀರು ಬೇಗ ಬಂದು ಬೇಗ ನಿಂತ್ರೆ ಪೈಪ್ ಸರಿ ಐತೆ. ತಡವಾಗಿ ತೊಟ್ಟು ತೊಟ್ಟು ಬಂದ್ರೆ ಒಳಗೆ ಹೂಳು, ಇಲ್ಲಾ ಮಧ್ಯೆ ಪೈಪ್ ಜೋತು ಬಿದ್ದಿದೆ. ಸುರಿದದ್ದರಲ್ಲಿ ಅರ್ಧವೂ ಹೊರಗೆ ಬರಲಿಲ್ಲ, ಚೇಂಬರಲ್ಲೂ ನಿಂತಿಲ್ಲ ಅಂದ್ರೆ ಜಾಯಿಂಟ್ ಬಿಟ್ಟಿದೆ, ನೀರೆಲ್ಲ ಮನೆ ಪಕ್ಕ ಮಣ್ಣಿಗೆ ಹೋಗ್ತಿದೆ, ಇದು ಚರಂಡಿ ಇಲ್ಲದಿರೋದಕ್ಕಿಂತ ಕೆಟ್ಟದ್ದು, ಯಾಕಂದ್ರೆ ಇಡೀ ಅಂಗಳದ ನೀರನ್ನ ಒಂದೇ ಜಾಗಕ್ಕೆ ತಂದು ಸುರಿದಂಗಾಯ್ತು. ಎರೆ ಮಣ್ಣು ಉಬ್ಬಿ ಕುಗ್ಗೋದ್ರಿಂದ ಜಾಯಿಂಟ್ ಬಿಡೋದು ನಮ್ಮಲ್ಲಿ ಸಾಮಾನ್ಯ, ಹಂಗಾಗಿ ಪೈಪ್ ಕೆಳಗೂ ಪಕ್ಕಕ್ಕೂ ನಾಲ್ಕಿಂಚು ಗರಸು ಇಲ್ಲಾ ಎಂ-ಸ್ಯಾಂಡ್ ತುಂಬಿ ಕೂರ್ಸ್ಬೇಕು, ಹತ್ತು ಅಡಿಗೆ ಒಂದೂಕಾಲು ಇಂಚು ಇಳುಕಲು ಕೊಡ್ಬೇಕು. ತೂತಿನ ಪೈಪಿಗೆ ಜಲ್ಲಿ ಸುತ್ತಿ ಹಾಕೋ ವಿಧಾನ ವಿಡಿಯೋದಲ್ಲಿ ನೋಡಿ ಅದಕ್ಕೇ ತಾರಸಿ ನೀರು ಸೇರಿಸೋರು ಇದಾರೆ, ಆ ಪೈಪ್ ಇರೋದು ಮಣ್ಣೊಳಗಿನ ನೀರು ಒಳಗೆಳೆಯೋಕೆ, ಅದರಲ್ಲಿ ಮೇಲಿನ ನೀರು ಬಿಟ್ರೆ ತೂತಲ್ಲಿ ಹೊರಗೆ ಸೋರಿ ಪಾಯ ನೆನೆಸುತ್ತೆ. ಮೇಲ್ಮೈ ನೀರಿಗೆ ತೂತಿಲ್ಲದ ಪೈಪೇ ಹಾಕ್ರಿ.

ಇನ್ನು ನನಗೆ ಬಹಳ ಬೇಜಾರಿನ ವಿಷಯ, ಹೊರಗಿನ ಬಾಯಿ. ರೋಡಿಗೆ ಡಾಂಬರ್ ಮೇಲೆ ಡಾಂಬರ್, ಅದರ ಮೇಲೆ ಸಿಸಿ ರೋಡು ಹಾಕ್ತಾ ಹೋದಂಗೆ ಹಳೇ ಏರಿಯಾದ ಮನೆಗಳು ರೋಡಿಗಿಂತ ತಗ್ಗಾಗಿ ಹೋಗಿದಾವೆ. ಚರಂಡಿನೂ ಹೊಸದಾಗಿ ಕಟ್ಟಿ ಮೇಲೆ ಬಂದಿರುತ್ತೆ. ನಿಮ್ಮ ಪೈಪ್ ಬಾಯಿ ರಸ್ತೆ ಚರಂಡಿಯ ತುಂಬಿದ ಮಟ್ಟಕ್ಕಿಂತ ಕೆಳಗಿದ್ರೆ ಜೋರು ಮಳೇಲಿ ನಿಮ್ಮ ನೀರು ಹೊರಗೆ ಹೋಗೋದಲ್ಲ, ರಸ್ತೆ ನೀರೇ ನಿಮ್ಮ ಅಂಗಳಕ್ಕೆ ಬರುತ್ತೆ. ಮಳೆ ಬರೋವಾಗ ಗೇಟ್ ಹತ್ರ ನಿಂತ್ರೆ ಇದು ಕಣ್ಣಿಗೆ ಕಾಣುತ್ತೆ, ಜಾಲರೀಲಿ ನೀರು ಮೇಲೆ ಉಕ್ಕುತ್ತಿರುತ್ತೆ. ಇದಕ್ಕೆ ಪೈಪ್ ಬಾಯಿಗೆ ಒಂದೇ ಕಡೆ ತೆರೆಯೋ ಫ್ಲಾಪ್ ವಾಲ್ವ್ ಹಾಕ್ಸಿ, ಗೇಟ್ ಹತ್ರ ಉಬ್ಬು ಕೊಟ್ಟು ಅದರ ಒಳಗಡೆ ಅಡ್ಡ ಚರಂಡಿ ಮಾಡಿ, ನೀರು ಒಂದು ಗುಂಡಿಗೆ ಸೇರಿಸಿ ತಾನೇ ಆನ್ ಆಗೋ ಸಣ್ಣ ಸಬ್‌ಮರ್ಸಿಬಲ್ ಪಂಪಲ್ಲಿ ಎತ್ತಿ ಹಾಕ್ಬೇಕಾಗುತ್ತೆ. ವಾರ್ಡಿನಲ್ಲಿ ಹೊಸ ರೋಡ್ ಮಾಡೋವಾಗ ಹಳೇದು ಕೆತ್ತಿ ಹಾಕ್ರಿ ಅಂತ ಓಣಿಯೋರೆಲ್ಲ ಸೇರಿ ಬರೆದು ಕೊಡ್ರಿ, ಒಬ್ಬರ ಮಾತು ಯಾರೂ ಕೇಳಲ್ಲ.

ಸಿಟ್ಟಿಗೆ ಮಳೆ ನೀರನ್ನ ಯುಜಿಡಿ (ಒಳಚರಂಡಿ) ಚೇಂಬರಿಗೆ ತಿರುಗಿಸ್ಬೇಡ್ರಿ. ಆ ಲೈನ್ ಇರೋದು ಶೌಚದ ನೀರಿಗೆ, ಮಳೆ ನೀರು ಸೇರಿದ್ರೆ ತುಂಬಿ ತಗ್ಗಿನ ಮನೆಯೋರ ಬಚ್ಚಲಲ್ಲಿ ಕೊಳಚೆ ಉಕ್ಕುತ್ತೆ, ಆ ತಗ್ಗಿನ ಮನೆ ನಿಮ್ಮದೇ ಆಗಿರಬಹುದು.

ಚಿತ್ರದುರ್ಗದ ಕಡೆಯೋರಿಗೆ

ದುರ್ಗದ ಕಲ್ಲು ನೆಲದಲ್ಲಿ ಲೆಕ್ಕ ಬೇರೆ. ಮೇಲೆ ಒಂದೆರಡು ಅಡಿ ಕೆಂಪು ಗರಸು ಮಣ್ಣು, ನೀರು ಬೇಗ ಇಂಗುತ್ತೆ, ಆದ್ರೆ ಕೆಳಗೆ ಬಂಡೆ ಸಿಕ್ಕಿದ ತಕ್ಷಣ ಬಂಡೆ ಮೇಲೆ ಅಡ್ಡ ಹರಿಯೋಕೆ ಶುರು ಮಾಡುತ್ತೆ. ಗುಡ್ಡದ ಇಳಿಜಾರು ಕಡಿದು ಮನೆ ಕಟ್ಟಿದ್ರೆ ಆ ನೀರು ನಿಮ್ಮ ಹಿಂದಿನ ಗೋಡೆಗೇ ಬಂದು ನಿಲ್ಲುತ್ತೆ. ಹಂಗಾಗಿ ಅಲ್ಲಿ ಮನೆ ಸುತ್ತ ಚರಂಡಿ ಮಾಡೋಕ್ಕಿಂತ ಮುಂಚೆ ಮೇಲ್ಮಗ್ಗುಲಲ್ಲಿ, ಮನೆಗೆ ಹತ್ತಾರು ಅಡಿ ದೂರದಲ್ಲಿ ಅಡ್ಡ ಕಾಲುವೆ ತೋಡಿ ನೀರನ್ನ ಎರಡೂ ಪಕ್ಕಕ್ಕೆ ಹಂಚ್ಬೇಕು, ಆದ್ರೆ ಬಂಡೆ ತನಕ ಆಳ ಹೋಗ್ಬೇಕು, ಅರ್ಧಕ್ಕೆ ಬಿಟ್ರೆ ನೀರು ಅದರ ಕೆಳಗೇ ನುಸುಳುತ್ತೆ. ಕೋಟೆಗೆ ಹೋದಾಗ ನೋಡ್ರಿ, ಬೆಟ್ಟದ ಮಳೆ ನೀರು ಗೋಪಾಲಸ್ವಾಮಿ ಹೊಂಡದಿಂದ ಅಕ್ಕತಂಗಿ ಹೊಂಡ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯೋ ಹಂಗೆ ಮಾಡಿದಾರೆ. ಬಂಡೆ ಮೇಲಿನ ನೀರಿಗೆ ಅಡ್ಡ ನಿಲ್ಲದೆ, ಅದು ಎಲ್ಲಿಂದ ಎಲ್ಲಿಗೆ ಹೋಗ್ಬೇಕು ಅಂತ ಮೊದ್ಲೇ ತೀರ್ಮಾನ ಮಾಡಿದ್ದಕ್ಕೆ ಅದು ಇವತ್ತಿಗೂ ಉಳಿದಿದೆ.

ಸರಿ ಮಾಡಿದ ಮೇಲೆ

ಹೊರಗಿನ ಕೆಲಸ ಮುಗಿದ ತಕ್ಷಣ ಒಳಗೆ ಪೇಂಟ್ ಮಾಡಿಸ್ಬೇಡ್ರಿ. ಒಂಬತ್ತಿಂಚು ಗೋಡೆ ಒಳಗಿನ ತೇವ ಆರೋಕೆ ತಿಂಗಳುಗಟ್ಟಲೆ ಬೇಕು. ಉಬ್ಬಿದ ಪ್ಲಾಸ್ಟರ್ ಕೆತ್ತಿ ಹಂಗೇ ಬಿಡ್ರಿ, ಉಪ್ಪು ಬಂದಂಗೆಲ್ಲ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೀರಿ, ನೀರು ಹಾಕಿ ತೊಳೆದ್ರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತೆ. ಕೆಳಗೆ ಖಾಲಿ ಜಾಗ ಇರೋ ಮನೆಯಾದ್ರೆ ನಿಂತ ನೀರು ಪಂಪಲ್ಲಿ ಎತ್ತಿ, ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಶೀಟ್ ಅಂಚಿಗೆ ಅಂಚು ಒಂದು ಅಡಿ ಒತ್ತಿ ಹಾಸಿ ಕಲ್ಲಿಡ್ರಿ, ಮಣ್ಣಿನ ಆವಿ ಸ್ಲ್ಯಾಬಿಗೆ ತಾಗೋದು ನಿಲ್ಲುತ್ತೆ. ಕಿಂಡಿಗಳಿಗೆ ಇಲಿ ಹಾವು ಬರದಂಗೆ ಮೆಶ್ ಹಾಕಿ ಗಾಳಿ ಆಡೋಕೆ ಬಿಡ್ರಿ.

ಒಂದು ಪೂರ್ತಿ ಹಸ್ತ ಚಿತ್ತೆ ಮಳೆ ಕಳೆದು ಮತ್ತೆ ಪ್ಲಾಸ್ಟಿಕ್ ಹಾಳೆ ಪರೀಕ್ಷೆ ಮಾಡ್ರಿ. ಒಣಗಿದ್ರೆ ಪ್ಲಾಸ್ಟರ್ ಪೇಂಟ್ ಮಾಡಿಸ್ರಿ. ಮೇಲ್ಮೈ ನೀರೆಲ್ಲ ಹೊರಗೆ ಹೋಗ್ತಿದ್ರೂ ತೇವ ಬರ್ತಾನೇ ಇದೆ, ಅದೂ ಚಾನಲ್ ನೀರಿನ ಜೊತೆಗೇ ಬಂದು ಹೋಗ್ತಿದೆ ಅಂದ್ರೆ ಅದು ನೆಲದ ನೀರಿನ ಮಟ್ಟದ ಸಮಸ್ಯೆ. ಅದಕ್ಕೆ ಮನೆ ಸುತ್ತ ಆಳಕ್ಕೆ ಜಲ್ಲಿ, ತೂತಿನ ಪೈಪು, ಪಂಪು ಇರೋ ಗುಂಡಿ ಬೇಕಾಗುತ್ತೆ, ಆ ಅಗೆತ ಪಾಯದ ಮಟ್ಟದ ತನಕ ಹೋಗೋದ್ರಿಂದ ಮೇಸ್ತ್ರಿ ಒಬ್ಬರ ಮಾತಿನ ಮೇಲೆ ಕೈ ಹಾಕ್ಬೇಡ್ರಿ, ಸಿವಿಲ್ ಇಂಜಿನಿಯರ್ ಸ್ಥಳ ನೋಡಿ ಪಾಯದಿಂದ ಎಷ್ಟು ದೂರ, ಎಷ್ಟು ಆಳ ಅಂತ ಬರೆದು ಕೊಟ್ಟ ಮೇಲೇ ಅಗೆಸ್ರಿ. ಓರೆ ಬಿರುಕಿಗೆ ಗಾಜಿನ ಚೂರು ಅಡ್ಡ ಅಂಟಿಸಿ ದಿನಾಂಕ ಬರೆದಿಡ್ರಿ, ಗಾಜು ಒಡೆದ್ರೆ ಬಿರುಕು ಇನ್ನೂ ಓಡ್ತಾ ಐತೆ ಅಂತ, ಆವಾಗ ಚರಂಡಿ ಕೆಲಸಕ್ಕೂ ಮುಂಚೆ ಇಂಜಿನಿಯರ್ ಕರೆಸ್ರಿ.